ಓಕ್‌ಬರಿಯ ಮಂಗಳವಾರದ ಸಂತೆ

ಮೈಸೂರಿನ ಚಕ್ರಪಾಣಿಯವರು ಇಂಗ್ಲೆಂಡನ್ನು ಕಣ್ಣಲ್ಲಿ ಕಂಡವರಲ್ಲ. ಮೆಲ್ಬರ್ನಿನಲ್ಲಿ ನೀರಿನ ಪೈಪುಗಳ ನಡುವೆ ಕೂದಲು ನರೆಸಿಕೊಂಡ ಎಂಜಿನಿಯರು. ಆದರೂ ಓಕ್‌ಬರಿ ಎಂಬ ಇಂಗ್ಲಿಷ್ ಸಂತೆಯೂರಿನಲ್ಲಿ ಕುರಿ ಮಾರುತ್ತಿದ್ದ ಓಣಿ ಯಾವುದು, ಬೆಣ್ಣೆ ಮಾರುತ್ತಿದ್ದ ಕಟ್ಟೆ ಯಾವುದು ಎಂದು ಕೇಳಿದರೆ, ದೇವರಾಜ ಮಾರುಕಟ್ಟೆಯ ವೀಳ್ಯದೆಲೆ ಸಾಲು ತೋರಿಸಿದಷ್ಟು ಸಲೀಸಾಗಿ ಹೇಳುತ್ತಿದ್ದರು.

ಈ ಹುಚ್ಚು ಹತ್ತಿಸಿದವರು ಪಕ್ಕದ ಮನೆಯ ಜೋನ್ ಅಜ್ಜಿ. ಮದುವೆಯಾಗಿ ಓಕ್‌ಬರಿ ಬಿಟ್ಟು ಬಂದವರಿಗೆ ಮತ್ತೆ ಅತ್ತ ಹೋಗಲಾಗಿರಲಿಲ್ಲ. ಬೇಲಿಗೆ ಮೊಣಕೈ ಊರಿ ಊರಿನ ಕಥೆ ಹೇಳುವರು. ಅವರು ಮರೆತದ್ದನ್ನು ಚಕ್ರಪಾಣಿ ಲೈಬ್ರರಿಯಲ್ಲಿ ಹುಡುಕಿ ತುಂಬುವರು.

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ಚಳಿಗಾಲದಲ್ಲಿ ಅಜ್ಜಿಯನ್ನು ಮಗಳು ಸಿಡ್ನಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಹೊರಡುವ ಮುಂಚೆ ಅವರ ಊರಿನ ಇತಿಹಾಸವನ್ನು ಅವರಿಗೆ ಒಮ್ಮೆ ಇಡಿಯಾಗಿ ಕೇಳಿಸಬೇಕೆಂದು ಚಕ್ರಪಾಣಿ ಸಬರ್ಬಿನ ಲೈಬ್ರರಿ ಹಾಲ್ ಬುಕ್ ಮಾಡಿದರು. ಓಕ್‌ಬರಿಯ ಸಂತೆ ಮಂಗಳವಾರದ್ದು. ಹಾಗಾಗಿ ಭಾಷಣವೂ ಮಂಗಳವಾರವೇ, ಮಧ್ಯಾಹ್ನ ಮೂರಕ್ಕೆ.

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಎಂಬುದು ಹೊಳೆದದ್ದು ಟೈ ಕಟ್ಟಿಕೊಳ್ಳುವಾಗ. ಆ ಹೊತ್ತಿನಲ್ಲಿ ಹೊಸ ಕೆಲಸಕ್ಕೆ ಕೈಹಾಕುವುದುಂಟೇ? ಆಫೀಸಿನಲ್ಲೂ ರಾಹುಕಾಲ ಕಳೆಯುವ ತನಕ ನಲ್ಲಿ ತಿರುಗಿಸಗೊಡದಿದ್ದ ಆಸಾಮಿ.

ಹಾಲಿನಲ್ಲಿ ಜನ ಕಾದಿದ್ದರು. ಚಕ್ರಪಾಣಿ ಪ್ರೊಜೆಕ್ಟರಿನ ಗಾಜು ಒರೆಸಿದರು. ಚೆನ್ನಾಗಿಯೇ ಉರಿಯುತ್ತಿದ್ದ ಬಲ್ಬನ್ನು ಬಿಚ್ಚಿ ಮತ್ತೆ ಹಾಕಿದರು. ಎಲ್ಲರಿಗೂ ಇನ್ನೊಂದು ಸುತ್ತು ಟೀ ಕೊಟ್ಟರು. ಮುಂದಿನ ಸಾಲಿನಲ್ಲಿ ಕೋಟು ತೊಟ್ಟೇ ಕೂತಿದ್ದ ಜೋನ್, ಸಿಡ್ನಿಗೆ ಹೊರಡಲು ನಾಲ್ಕಕ್ಕೆ ಮಗಳ ಕಾರು ಬರುತ್ತದೆಂದು ಮೆಲ್ಲಗೆ ನೆನಪಿಸಿದರು. ಇವರು ಹಲ್ಲು ಕಿರಿದು ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು.

ಹೆಂಡತಿ ಉಷಾ ಎದ್ದು ಬಂದು ಅವರನ್ನು ಮೂಲೆಗೆ ಕರೆದರು.

“ಏನ್ರೀ ಇದು? ಆ ಅಜ್ಜಿ ಕೇಳದೇ ಹೊರಟುಹೋಗ್ತಾರೆ.”

“ರಾಹುಕಾಲ ಕಣೇ.”

“ಯಾವೂರಿನ ಕಥೆ ನೀವು ಹೇಳ್ತಿರೋದು?”

“ಓಕ್‌ಬರೀದು.”

“ಓಕ್‌ಬರೀಲಿ ಈಗ ಬೆಳಿಗ್ಗೆ ಆರೂಕಾಲು. ಸಂತೆಗೆ ಗಾಡಿ ಬರೋ ಹೊತ್ತು. ರಾಹು ಇನ್ನೂ ಹಾಸಿಗೆ ಬಿಟ್ಟಿಲ್ಲ, ನಡೀರಿ.”

ಮನೆತನದ ಪುರೋಹಿತರೂ ಇಷ್ಟು ಚೊಕ್ಕವಾಗಿ ದಾರಿ ತೋರಿಸುತ್ತಿರಲಿಲ್ಲ. ಚಕ್ರಪಾಣಿ ಮುಂದೆ ಬಂದು ಚಮಚದಿಂದ ಟೀ ಕಪ್ಪಿಗೆ ಬಡಿದರು. ಓಕ್‌ಬರಿಯಲ್ಲಿ ಗಂಟೆ ಬಾರಿಸುವ ಮುಂಚೆ ಒಂದು ಮೊಟ್ಟೆ ಮಾರಿದರೂ ದಂಡ ಹಾಕುತ್ತಿದ್ದರೆಂದು ಶುರುಮಾಡಿದವರು ಆಮೇಲೆ ನಿಲ್ಲಲಿಲ್ಲ. ಸಂತೆಗೆ ಅಪ್ಪಣೆ ಕೊಟ್ಟ ರಾಜ ಬಂದ, ಪ್ಲೇಗು ಬಂತು, ಉಣ್ಣೆಯ ವ್ಯಾಪಾರಿಗಳು ಬಂದರು. ರೈಲು ಮಾತ್ರ ಊರಿಗೆ ಬಾರದೆ ಎರಡು ಮೈಲಿ ಆಚೆಯೇ ಹಾದುಹೋಯಿತು. ಒಂದೊಂದು ಓಣಿಯ ಹೆಸರು ಬಂದಾಗಲೂ ಅಜ್ಜಿಯ ತುಟಿ ಅಲುಗುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ಮಗಳು ಬಾಗಿಲಲ್ಲಿ ನಿಂತು ಕಾರಿನ ಕೀಲಿ ಕುಲುಕಿದಳು. ಜೋನ್ ತಿರುಗಿಯೂ ನೋಡದೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: “ಕೂತ್ಕೋ ಮಗಳೇ. ಸಂತೆ ಇನ್ನೂ ಮುಗಿದಿಲ್ಲ.”

ಮುಗಿದಾಗ ನಾಲ್ಕೂವರೆ ದಾಟಿತ್ತು. ಅಜ್ಜಿಯ ಕೈಹಿಡಿದು ಕಾರು ಹತ್ತಿಸುವಾಗ ಚಕ್ರಪಾಣಿಯವರ ಕಣ್ಣು ತೇವವಾಗಿತ್ತು. ಆದರೂ ಒಂದು ಸಮಾಧಾನ: ಅಷ್ಟು ದೂರದ ಪ್ರಯಾಣ, ಸದ್ಯ, ರಾಹುಕಾಲ ಕಳೆದ ಮೇಲೆಯೇ ಶುರುವಾಯಿತು.