ನಾನು ನಿಲ್ಲಿಸಿದ ನಾಲ್ಕು ಕಂಬ

ಕಳೆದ ವಾರ ಈ ಗಲ್ಫ್ ಊರಿನ ಖಾಲಿದಿಯಾ ಬಡಾವಣೆಯ ಅಂಗಡಿಯೊಂದರಲ್ಲಿ ನನ್ನ ಹಳೆಯ ಪ್ಯಾಂಟಿನ ಸೊಂಟ ಸಡಿಲಿಸಲು ಕೊಟ್ಟೆ. ಹೊಸದನ್ನೇ ಹೊಲಿಸಬಹುದಿತ್ತು, ಆದರೆ ಹೊಸ ಅಳತೆಯನ್ನು ಯಾರಾದರೂ ಗಟ್ಟಿಯಾಗಿ ಓದಿಬಿಟ್ಟರೆ ಎಂಬ ಹೆದರಿಕೆ. ದರ್ಜಿ ಹಿಂಬದಿಯ ಹೊಲಿಗೆ ಬಿಚ್ಚಿದಾಗ ಒಳಗೆ ಎರಡು ಬೆರಳಗಲ ಮಡಿಸಿಟ್ಟ ಬಟ್ಟೆ, ಅದರ ಮೇಲೆ ಸೀಮೆಸುಣ್ಣದ ಗೆರೆ. ಆ ಗೆರೆ ಎಳೆದವರು ನಮ್ಮ ಟೈಲರಣ್ಣ…

ಹಮ್ದಾನ್ ಸ್ಟ್ರೀಟಿನ ಹಿಂದಿನ ಹಳೆ ಕಟ್ಟಡದಲ್ಲಿ, ಐದಾರು ದರ್ಜಿಗಳ ನಡುವೆ ಅವರದೂ ಒಂದು ಅಂಗಡಿ. ಉಡುಪಿ ಕಡೆಯವರು. ಯಾರ ಪ್ಯಾಂಟಿಗಾದರೂ ಮುಂದಕ್ಕಿರಲಿ ಎಂದು ಒಳಗೆ ಬಟ್ಟೆ ಬಿಡುತ್ತಿದ್ದರು. "ನಿಮಗೆ ಸ್ವಲ್ಪ ಜಾಸ್ತಿಯೇ ಬಿಟ್ಟಿದ್ದೇನೆ ಮಾರಾಯ್ರೇ," ಎಂದು ನನ್ನ ಹೊಟ್ಟೆ ನೋಡಿ ನಕ್ಕಿದ್ದರು.

ಮೆಷಿನ್ನಿನ ಮೇಲಿನ ಗೋಡೆಯಲ್ಲಿ ಒಂದು ಚಿತ್ರ: ಇಂಗ್ಲೆಂಡಿನ ಹಳೆಯ ಊರೊಂದರ ದರ್ಜಿಗಳ ಸಂಘದ ಸಭಾಭವನ. ಗಿರಾಕಿಯಾಗಿದ್ದ ಇಂಗ್ಲಿಷ್ ಮುದುಕನೊಬ್ಬ ಕೊಟ್ಟಿದ್ದಂತೆ. ಹೊರಗಿನಿಂದ ತೆಗೆದ ಚಿತ್ರ. ಒಳಗಿನದೆಲ್ಲ ಆ ಮುದುಕ ಹೇಳಿದ್ದು. ನೂರಾರು ವರ್ಷಗಳ ಹಿಂದೆ ದರ್ಜಿಗಳೇ ಸೇರಿ ಕಟ್ಟಿಸಿದ್ದು. ಹೊಸಬರ ಕೈಕೆಲಸ ಪರೀಕ್ಷಿಸುತ್ತಿದ್ದುದೂ ಹಬ್ಬದೂಟ ಹಾಕುತ್ತಿದ್ದುದೂ ಅಲ್ಲಿಯೇ. ಪಕ್ಕದಲ್ಲಿ, ಸೂಜಿಗೆ ದಾರ ಪೋಣಿಸಲಾಗದ ಮುದಿ ದರ್ಜಿಗಳಿಗೆ ಕೋಣೆಗಳು. ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ಆ ಮರದ ಮಾಡಿಗೆ, ಅಷ್ಟಗಲದ ಚಾವಣಿಗೆ, ನಡುವೆ ಒಂದೂ ಕಂಬವಿಲ್ಲ. "ಕಂಬ ಇಟ್ಟರೆ ಬಟ್ಟೆ ಹರಡುವುದೆಲ್ಲಿ? ಕಟ್ಟಿಸಿದವರು ಟೈಲರ್‌ಗಳಲ್ವಾ!" ಎಂದು ಟೈಲರಣ್ಣ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಹೇಳುತ್ತಿದ್ದರು, ತಮ್ಮ ಅಜ್ಜನೇ ಕಟ್ಟಿಸಿದ್ದೆಂಬಂತೆ.

ಒಮ್ಮೆ ಆಫೀಸಿನ ಕೆಲಸಕ್ಕೆ ನಾನು ಅದೇ ಊರಿಗೆ ಹೊರಟೆ. "ಒಳಗೆ ಹೋಗಿ ನೋಡಿ ಬನ್ನಿ. ನನ್ನಿಂದಂತೂ ಆಗ್ಲಿಕ್ಕಿಲ್ಲ," ಎಂದರು.

ಹೋದೆ, ಬಾಗಿಲವರೆಗೆ. ಒಳಗೆ ಬಿಡುತ್ತಾರೋ ಇಲ್ಲವೋ, ಟಿಕೆಟ್ ಇದೆಯೋ, ಶೂ ಬಿಚ್ಚಬೇಕೋ, ರೈಲು ತಪ್ಪಿದರೇನು ಗತಿ… ಇಪ್ಪತ್ತು ನಿಮಿಷ ಹೊರಗೆ ನಿಂತು ಚಿಂತಿಸಿ ವಾಪಸಾದೆ.

"ಕಂಬ ಉಂಟಾ?" ನಾನು ಅಂಗಡಿಗೆ ಕಾಲಿಟ್ಟೊಡನೆ ಕೇಳಿದರು. ನೋಡಲಿಲ್ಲ ಎನ್ನಲು ನಾಚಿಕೆ. ಇಲ್ಲ ಎಂದುಬಿಟ್ಟರೆ, ನಾಳೆ ಯಾರೋ ನೋಡಿ ಬಂದು ನನ್ನ ಸುಳ್ಳು ಹಿಡಿದರೆ ಎಂಬ ಭಯ. ಅಷ್ಟು ದೊಡ್ಡ ಮಾಡು ಸುಮ್ಮನೆ ನಿಂತೀತೇ?

"ಇದೆ ಟೈಲರಣ್ಣ, ನಾಲ್ಕು," ಎಂದೆ.

ಅವರ ಕತ್ತರಿ ನಿಂತಿತು. "ಹಾಗಾದ್ರೆ ಆ ಮುದುಕ ನನಗೆ ಸುಳ್ಳು ಹೇಳಿದ್ದಾ?"

ಮುಂದಿನ ಸಲ ಹೋದಾಗ ಚಿತ್ರವಿರಲಿಲ್ಲ. ಗೋಡೆಯ ಮೇಲೆ ಅದು ಇದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು.

ಮರುವರ್ಷ ಕೆಡವಲೆಂದು ಕಟ್ಟಡ ಖಾಲಿ ಮಾಡಿಸಿದರು. "ಕಣ್ಣೂ ಖಲಾಸ್, ಅಂಗಡಿಯೂ ಖಲಾಸ್," ಎಂದು ಅವರು ಊರಿಗೆ ಹೋದರು.

ಬಹಳ ದಿನಗಳ ಮೇಲೆ ಕಂಪ್ಯೂಟರಿನಲ್ಲಿ ಆ ಭವನದ ಒಳಗಿನ ಚಿತ್ರ ಕಣ್ಣಿಗೆ ಬಿತ್ತು. ತೊಲೆಗಳು ಎರಡೂ ಗೋಡೆಗಳಿಂದ ಚಾಚಿ, ಒಂದರ ಮೇಲೊಂದು ಬಾಗಿ, ಮಾಡನ್ನು ಎತ್ತಿ ಹಿಡಿದಿದ್ದವು. ಕೆಳಗೆ ಉದ್ದಕ್ಕೂ ಬರಿದಾದ ನೆಲ… ಒಂದೂ ಕಂಬವಿಲ್ಲ. ಕೂಡಲೇ ಟೈಲರಣ್ಣನ ಊರಿನ ನಂಬರಿಗೆ ಫೋನ್ ಮಾಡಿದೆ. ಅವರ ಮಗಳು ಎತ್ತಿದರು.

"ಅಪ್ಪ ತೀರಿಕೊಂಡು ಮೂರು ತಿಂಗಳಾಯ್ತು. ಎಂತ ವಿಷಯ?"

"ಪ್ಯಾಂಟಿನ ಅಳತೆ ಕೇಳೋಣ ಅಂತ…" ಎಂದೆ. ಅದೂ ಸುಳ್ಳೇ.

ಖಾಲಿದಿಯಾದ ದರ್ಜಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇದೇ ಕೊನೆ, ಇನ್ನು ಒಳಗೆ ಏನೂ ಉಳಿಯುವುದಿಲ್ಲ ಎಂದ. ಆ ಗೆರೆ ಹಾಗೇ ಇರಲಿ ಎನ್ನಬೇಕೆಂದಿದ್ದೆ. ಏನಂದುಕೊಂಡಾನೋ ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಅದನ್ನು ಅಂಗೈಯಿಂದ ಒರೆಸಿ, ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ.