ಗುಂಡಿಗೆಯಕ್ಕ ಅರ್ಧಕ್ಕೇ ಎದ್ದುಬಂದ ಸಿನಿಮಾ

ಅಂಗಿಗೆ ಗುಂಡಿ ಹಾಕಿಕೊಡುವವಳೆಂದು ಬೀದಿಯವರು ಅವಳನ್ನು ಮೊದಲು ಗುಂಡಿಯಕ್ಕ ಎನ್ನುತ್ತಿದ್ದರು. ಎಂಥೆಂಥ ಗಂಡಸರೂ ಕಣ್ಣು ಮುಚ್ಚಿಕೊಳ್ಳುವ ಕೊಲೆಯ ಸಿನಿಮಾ, ದೆವ್ವದ ಸಿನಿಮಾಗಳನ್ನು ಅವಳು ಕಡಲೆಕಾಯಿ ಬಿಡಿಸಿ ತಿನ್ನುತ್ತ ನೋಡಿಬರುತ್ತಾಳೆಂದು ಗೊತ್ತಾದ ಮೇಲೆ ಯಾರೋ ತುಂಟರು ಹೆಸರಿಗೆ ಒಂದಕ್ಷರ ಸೇರಿಸಿ ಗುಂಡಿಗೆಯಕ್ಕ ಮಾಡಿದರು. ಕೇಳಿದವರಿಗೆಲ್ಲ ಅದೇ ಸರಿಯೆನಿಸಿತು. ಅವಳೂ ಬೇಡವೆನ್ನಲಿಲ್ಲ.

ಅವಳ ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲ ಎಡಕ್ಕೆ ಗಾಜಿನ ಪೆಟ್ಟಿಗೆಯ ಹಿಂದೆ ಅವಳ ಗಂಡ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತ ಕೂತಿರುತ್ತಿದ್ದ. ಬಲಕ್ಕೆ ಅವಳ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ನೇತುಹಾಕಿದ ಶಾಲೆಯ ಸಮವಸ್ತ್ರಗಳು. ಅವನ ಕೈಯಿಂದ ಸಾಸಿವೆಗಿಂತ ಸಣ್ಣ ಸ್ಕ್ರೂ ಜಾರಿ ಅವಳ ಚಿಂದಿಯ ರಾಶಿಗೆ ಬೀಳುವುದು, ಅವಳ ನೂಲಿನ ತುಣುಕು ಹಾರಿ ಅವನ ಗಡಿಯಾರದ ಹೊಟ್ಟೆಯೊಳಗೆ ಹೋಗುವುದು, ಇವೆರಡನ್ನು ಬಿಟ್ಟರೆ ಗಂಡಹೆಂಡಿರ ನಡುವೆ ಜಗಳಕ್ಕೆ ಬೇರೆ ಕಾರಣವೇ ಇರಲಿಲ್ಲ.

ಗಂಡ ಒಳ್ಳೆಯವನು, ಆದರೆ ಪುಕ್ಕಲ. ಹೆಂಡತಿಯ ಬೆರಳಿಗೆ ಸೂಜಿ ಚುಚ್ಚಿದರೆ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ, ಗೋಡೆಯ ಮೇಲಿನ ಪೋಸ್ಟರಿನಲ್ಲಿ ಗುಲಾಬಿ ಹೂವಿದೆ ಎಂಬ ಒಂದೇ ಧೈರ್ಯದ ಮೇಲೆ ಅವಳನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ನೋಡಿದರೆ, ಕೊಲೆಗಾರ ಹೆಣದ ಪಕ್ಕ ಇಟ್ಟುಹೋಗುವ ಗುಲಾಬಿ ಅದು. ಮೊದಲ ಹೆಣ ಬೀಳುವಷ್ಟರಲ್ಲಿ ಅವನು ಹೊಸ ಹೆಂಡತಿಯ ಭುಜಕ್ಕೆ ಮುಖ ಒತ್ತಿಕೊಂಡು ಬೆವರುತ್ತಿದ್ದ. ಅವಳು ಮಾತ್ರ ಕತ್ತು ಮುಂದಕ್ಕೆ ಚಾಚಿ ನೋಡುತ್ತಿದ್ದಳು.

"ರೀ, ಹೆದರ್ಬೇಡಿ. ಆ ಅಂಗಿ ಮೊದಲೇ ಕತ್ತರಿಸಿಟ್ಟಿದ್ದು. ಚಾಕು ಬೀಳೋಕೆ ಮುಂಚೆನೇ ಹೊಲಿಗೆ ಬಿಟ್ಕೊಂಡಿತ್ತು."

"ನಿಂಗೆ ಹ್ಯಾಗೆ ಕಾಣ್ಸುತ್ತೆ ಅದೆಲ್ಲಾ?"

"ಹೊಟ್ಟೆ ಹತ್ರ ಉಬ್ಬಿದೆ ನೋಡಿ, ಒಳಗೆ ಬಣ್ಣದ ಚೀಲ ಇಟ್ಟಿದಾರೆ. ಅಯ್ಯೋ, ನೋಡ್ಬೇಡಿ ಬಿಡಿ, ಒಡೀತು."

ಅಂದಿನಿಂದ ಅದೇ ರೂಢಿಯಾಯಿತು. ಇಬ್ಬರೂ ಒಟ್ಟಿಗೇ ಹೊರಡುವುದು; ಟಿಕೆಟ್ಟು ಮಾತ್ರ ಒಂದು. ಅವಳು ಒಳಗೆ, ಅವನು ಹೊರಗೆ ಕ್ಯಾಂಟೀನಿನ ಬೆಂಚಿನ ಮೇಲೆ ಬನ್ನು, ಟೀ, ದಿನಪತ್ರಿಕೆಯೊಡನೆ. ಇಂಟರ್ವಲ್ಲಿನಲ್ಲಿ ಅವಳು ಬಂದು ಅರ್ಧ ಕತೆ ಹೇಳುವಳು, ಮನೆಗೆ ನಡೆಯುವಾಗ ಇನ್ನರ್ಧ. ಅವಳ ಬಾಯಲ್ಲಿ ಎಂಥ ದೆವ್ವವೂ ಪಕ್ಕದ ಮನೆಯ ನೆಂಟನಂತಾಗಿಬಿಡುತ್ತಿತ್ತು. "ಬಿಳಿ ನಿಲುವಂಗಿ ಹಾಕ್ಕೊಂಡು ನೂರು ವರ್ಷದಿಂದ ಅಲೀತಾ ಇದೆಯಂತೆ ಪಾಪ. ಬೆನ್ನಲ್ಲಿ ಜಿಪ್ಪು ಇತ್ತು," ಎನ್ನುವಳು. ಅವನು ಹೊಟ್ಟೆ ಹಿಡಿದುಕೊಂಡು ನಗುವನು. ಹೀಗೆ ಅವನು ಒಂದೂ ಭಯಾನಕ ಸಿನಿಮಾ ನೋಡದೆ ಎಲ್ಲವನ್ನೂ ಬಲ್ಲವನಾದ.

ಬೀದಿಯವರಿಗೂ ಇದರಿಂದ ಅನುಕೂಲವೇ ಆಯಿತು. ಹೊಸ ಸಿನಿಮಾ ಬಂದರೆ ಮೊದಲು ಗುಂಡಿಗೆಯಕ್ಕ ನೋಡಿ ಬರಲಿ ಎಂದು ಕಾಯುವರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರು ಅಳತೆ ಕೊಡುತ್ತಲೇ ಕೇಳುವರು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುವಳು: "ಬಾವಿ ಬಂತಾ, ಕಣ್ಣು ಮುಚ್ಕೊಳ್ಳಿ. ನಾಯಿ ಬೊಗಳಿದ ಮೇಲೆ ಬಿಡಿ. ಎರಡನೇ ಹಾಡಿನ ತನಕ ಮತ್ತೇನಿಲ್ಲ."

ಒಮ್ಮೆ ಒಂದು ಸಿನಿಮಾ ಬಂತು. ನೋಡಿದವರು ವಾಂತಿ ಮಾಡಿಕೊಳ್ಳುತ್ತಾರೆಂದು ಟಾಕೀಸಿನವರು ಬಾಗಿಲ ಬಳಿ ಬಕೆಟ್ಟು ಇಟ್ಟಿದ್ದರು. ಜನ ಕರ್ಚೀಫು ಬಾಯಿಗೊತ್ತಿಕೊಂಡು ಹೊರಗೋಡಿದರು. ಕೊನೆಗೆ ದೀಪ ಹೊತ್ತಿಕೊಂಡಾಗ ಗೇಟ್‌ಕೀಪರ್ ಒಳಗಿಣುಕಿದರೆ, ನಡುಸಾಲಿನಲ್ಲಿ ಗುಂಡಿಗೆಯಕ್ಕ ಮಡಿಲಲ್ಲಿದ್ದ ಸಿಪ್ಪೆಯನ್ನು ಕಾಗದಕ್ಕೆ ತುಂಬಿಕೊಳ್ಳುತ್ತಿದ್ದಳು. "ಸಾಯಿಸೋದು ಬಿಡಪ್ಪ, ಆ ಕೊಲೆಗಾರನ ಕೋಟಿಗೆ ಎರಡು ತೋಳೂ ಸಮ ಇರ್ಲಿಲ್ಲ," ಎಂದು ಅವನಿಗೆ ಹೇಳಿ ಹೋದಳು. ಗೇಟ್‌ಕೀಪರ್ ಈ ಮಾತನ್ನು ಊರೆಲ್ಲ ಸಾರಿದ.

ಹೀಗಿರುವಾಗ ಒಂದು ನಗೆಯ ಸಿನಿಮಾ ಬಂತು. ಮನೆಮಂದಿಯೆಲ್ಲ ಕೂತು ನೋಡಬಹುದು, ಒಂದು ಹನಿ ರಕ್ತವಿಲ್ಲ ಎಂದು ಹೆಸರಾಯಿತು. ಪಕ್ಕದ ಬೇಕರಿಯವಳು ಅದನ್ನು ಎರಡು ಸಲ ನೋಡಿಬಂದಳು. ಇವಳ ಹತ್ತಿರದ ಗೆಳತಿ ಅವಳು, ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದು, "ನೀನು ಆ ಹೆಣಗಳನ್ನ ನೋಡಿದ್ದು ಸಾಕು ಕಣೆ. ಒಂದಿನ ಮನುಷ್ಯರ ಹಾಗೆ ನಕ್ಕು ಬಾ," ಎಂದಳು.

ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಗಂಡನಿಗೆ. ಎಷ್ಟೋ ವರ್ಷಗಳ ಮೇಲೆ ಅವನಿಗೊಂದು ಟಿಕೆಟ್ಟು. ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಮದುವೆಗೆ ಹೊರಟವನಂತೆ ಹೊರಟ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಇವತ್ತು ನಾನೂ ಒಳಗೆ," ಎಂದು ಹೇಳಿಕೊಂಡ.

ಸಿನಿಮಾದಲ್ಲಿ ಒಬ್ಬ ಸಿರಿವಂತ. ಅವನ ಹೆಂಡತಿ ಶಾಲೆಯಲ್ಲಿ ಪಾಠ ಹೇಳುವವಳು, ಎದುರು ಮಾತಾಡುವವಳು. ಅವಳನ್ನು ದಾರಿಗೆ ತರುತ್ತೇನೆಂದು ಅವನು ಗೆಳೆಯರ ಮುಂದೆ ಪಂಥ ಕಟ್ಟುತ್ತಾನೆ. ಅವಳ ಕನ್ನಡಕ ಬಚ್ಚಿಡುತ್ತಾನೆ, ಇಲ್ಲೇ ಇತ್ತಲ್ಲ ಎಂದರೆ ನಿನಗೆ ತಲೆ ಕೆಟ್ಟಿದೆ ಎನ್ನುತ್ತಾನೆ. ಮನೆಯವರೆಲ್ಲ ಅವನ ಜೊತೆ ಸೇರಿಕೊಳ್ಳುತ್ತಾರೆ. ಮೊದಮೊದಲು ಗುಂಡಿಗೆಯಕ್ಕನೂ ಒಂದೆರಡು ಕಡೆ ನಕ್ಕಳು. ಆಮೇಲೆ ಒಂದು ದೃಶ್ಯ ಬಂತು. ಮನೆತುಂಬ ಅತಿಥಿಗಳು. ಹರಿದ ಬಟ್ಟೆಯಲ್ಲಿ ಹೆಂಡತಿಯನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ್ದಾರೆ. ಅವಳು ಬಾಗಿಲು ಬಡಿಯುತ್ತಾಳೆ. ಒಳಗಿನವರು ಕಿಟಕಿಯಲ್ಲಿ ನೋಡಿ ನಗುತ್ತಾರೆ. ಹಿಂದೆ ಪೀಪಿ ಊದಿದಂಥ ಸಂಗೀತ. ಅವಳು ಅತ್ತಷ್ಟೂ ಪೀಪಿ ಜೋರಾಗುತ್ತದೆ.

ಇಡೀ ಟಾಕೀಸು ನಗೆಯಲ್ಲಿ ಬಿದ್ದು ಹೊರಳುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಗುಂಡಿಗೆಯಕ್ಕ ತನ್ನ ಹಳೆಯ ಉಪಾಯ ಹೂಡಿದಳು: ಬಟ್ಟೆ ನೋಡಿದಳು. ಹೌದು, ಆ ಹರುಕು ಕತ್ತರಿಯಿಂದ ಮಾಡಿದ್ದೇ. ಅಂಚು ಮಡಿಸಿ ಒಳಗಿಂದ ಹೊಲಿಗೆಯನ್ನೂ ಹಾಕಿದ್ದರು. ಅಷ್ಟು ಕಂಡರೂ ಈ ಸಲ ಏನೂ ಹಗುರಾಗಲಿಲ್ಲ. ಪಕ್ಕಕ್ಕೆ ತಿರುಗಿದರೆ ಗಂಡ ಕಣ್ಣೊರೆಸಿಕೊಂಡು ನಗುತ್ತಿದ್ದ.

ಅವಳು ಎದ್ದಳು.

"ಎಲ್ಲಿಗೆ?" ಎಂದ ಅವನು, ತೆರೆಯಿಂದ ಕಣ್ಣು ಕೀಳದೆ.

"ನೀವು ನೋಡಿ."

ಹೊರಗೆ ಬಂದವಳನ್ನು ಕಂಡು ಗೇಟ್‌ಕೀಪರ್ ಸ್ಟೂಲಿನಿಂದ ಎದ್ದೇಬಿಟ್ಟ. "ಏನಕ್ಕಾ, ಹುಷಾರಿಲ್ವಾ? ನೀರು ತರ್ಲಾ?"

"ನಂಗೇನಾಗಿಲ್ಲ. ಒಳಗೆ ಕೂರೋಕೆ ಆಗ್ಲಿಲ್ಲ ಅಷ್ಟೆ."

"ಇದ್ರಲ್ಲಾ?" ಎಂದ ಅವನು, ಬಾಗಿಲ ಮೇಲಿನ ಪೋಸ್ಟರನ್ನು ಮತ್ತೊಮ್ಮೆ ನೋಡಿ.

ಇಂಟರ್ವಲ್ಲಿನ ಗಂಟೆ ಹೊಡೆದಾಗ ಗಂಡ ಎರಡು ಲೋಟ ಟೀ ಹಿಡಿದುಕೊಂಡು ನಗುನಗುತ್ತಲೇ ಬಂದ. ಬಚ್ಚಲಿಗೆ ಹೋಗಿರಬೇಕು ಎಂದುಕೊಂಡಿದ್ದನಂತೆ. ಬೆಂಚಿನ ಮೇಲೆ ಕೂತಿದ್ದ ಅವಳ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

"ಏನಾಯ್ತೇ?"

"ನಾನು ಮತ್ತೆ ಒಳಗೆ ಬರಲ್ಲ ರೀ."

"ತಮಾಷೆ ಕಣೇ ಅದು. ರಕ್ತ ಇಲ್ಲ, ಹೆಣ ಇಲ್ಲ."

"ಸರಿ. ನಾನು ಎದ್ದ ಮೇಲೆ ಏನೇನಾಯ್ತು ಹೇಳಿ. ಇಷ್ಟು ದಿನ ನಾನು ಹೇಳಿದೀನಿ, ಇವತ್ತು ನೀವು ಹೇಳಿ."

ಅವನು ಉತ್ಸಾಹದಿಂದಲೇ ಶುರುಮಾಡಿದ. "ಅವಳು ಬಾಗಿಲು ಬಡೀತಾಳೆ. ಇವ್ನು ಬೀಗದ ಕೈ ತೋರಿಸ್ತಾನೆ, ಕೊಡಲ್ಲ. ಅವಳು ಕೈ ಮುಗೀತಾಳೆ. ಅಷ್ಟ್ರಲ್ಲಿ ಅವಳ ಶಾಲೆ ಮಕ್ಕಳು ಆ ದಾರೀಲೇ ಬರ್ತಾರೆ. ಅವಳು ಕಂಬದ ಹಿಂದೆ ಬಚ್ಚಿಟ್ಕೊಂಡು..."

"ಬಚ್ಚಿಟ್ಕೊಂಡು?"

"ಅಳ್ತಾಳೆ," ಎಂದ. ಟೀ ಲೋಟ ಅತ್ತಿಂದಿತ್ತ ತಿರುಗಿಸಿದ. "ಒಳಗೆ ಕೂತಾಗ ನಗು ಬಂತು ಕಣೇ. ಈಗ ಹೇಳೋಕೆ ಹೋದ್ರೆ ಯಾಕೋ ಬರ್ತಾ ಇಲ್ಲ."

ಗಂಟೆ ಮತ್ತೆ ಹೊಡೆಯಿತು, ಜನ ಒಳಗೆ ಹೋದರು. ಅವನು ಬಾಗಿಲ ಕಡೆ ಒಮ್ಮೆ ನೋಡಿದ, ಎರಡು ಬನ್ನು ತರಲು ಎದ್ದ. ಗೇಟ್‌ಕೀಪರ್ ಬೇಸರದಿಂದ ಹೇಳಿದ: "ಕೊಟ್ಟ ಟಿಕೆಟ್ಟು ವಾಪಸ್ ತಗೊಳ್ಳಲ್ಲ ಅಣ್ಣ." "ಬನ್ನಾದ್ರೂ ಚೆನ್ನಾಗಿದೆಯಲ್ಲಪ್ಪ," ಎಂದ ಗಂಡ.

ಮರುದಿನ ಬೀದಿಯಲ್ಲಿ ಇದೇ ಸುದ್ದಿ. ಗುಂಡಿಗೆಯಕ್ಕನೇ ಎದ್ದುಬಂದಳಂತೆ ಎಂದರೆ ಆ ಸಿನಿಮಾದಲ್ಲಿ ಎಂಥ ಘೋರವಿರಬೇಕು ಎಂದು ನೋಡದವರು ನಡುಗಿದರು. ಇಸ್ತ್ರಿಯವನು ಮನೆಯವರಿಗೆಲ್ಲ ತೆಗೆದಿದ್ದ ಟಿಕೆಟ್ಟನ್ನು ಯಾರಿಗೋ ಮಾರಿಬಿಟ್ಟ. ನೋಡಿದ್ದವರು ತಾವು ಯಾವುದೋ ಭಯಂಕರ ದೃಶ್ಯ ಗಮನಿಸದೆ ಬಿಟ್ಟೆವೇನೋ ಎಂದು ಗೊಂದಲಕ್ಕೆ ಬಿದ್ದರು.

ಬೇಕರಿಯವಳು ಮಾತ್ರ ಮುನಿಸಿಕೊಂಡಳು. ಕೆಲವು ದಿನ ಅಂಗಡಿಯ ಮುಂದೆ ಹಾದುಹೋದರೂ ತಿರುಗಿ ನೋಡಲಿಲ್ಲ. ಕೊನೆಗೆ ಲಂಗದ ಸೊಂಟ ಬಿಗಿಯಾಯಿತೆಂದು ಬರಲೇಬೇಕಾಯಿತು. ಲಂಗವನ್ನು ಮೇಜಿನ ಮೇಲೆ ಎಸೆದು, "ನಾನು ಎರಡು ಸಲ ನೋಡಿ ನಕ್ಕೋಳು. ಹಾಗಾದ್ರೆ ನಾನು ಕೆಟ್ಟೋಳಾ?" ಎಂದಳು.

"ಯಾರೇ ಹೇಳಿದ್ದು ಹಾಗಂತ? ನಂಗೂ ಮೊದಲು ನಗು ಬಂತು."

"ಮತ್ತೆ ಯಾಕೆ ಎದ್ದು ಬಂದೆ? ತಲೆ ಕಡಿದ್ರೆ ಕಡಲೆಕಾಯಿ ತಿಂತೀಯ."

ಗುಂಡಿಗೆಯಕ್ಕ ಲಂಗದ ಹೊಲಿಗೆ ಬಿಚ್ಚತೊಡಗಿದಳು. "ತಲೆ ಕಡಿದ್ರೆ ಅಲ್ಲಿರೋರೆಲ್ಲ ಅಯ್ಯೋ ಅಂತಾರೆ. ನಾನೊಬ್ಳೇ ಸುಮ್ನೆ ಕೂತಿರ್ತೀನಿ, ಅದು ಬಣ್ಣದ ನೀರು ಅಂತ ಗೊತ್ತು. ಅವತ್ತು ಅವಳು ಅಳ್ತಾ ಇದ್ರೆ ಅಯ್ಯೋ ಅನ್ನೋರು ಒಬ್ರೂ ಇರ್ಲಿಲ್ಲ ಕಣೆ. ಆ ನಗು ಬಣ್ಣದ ನೀರಲ್ಲ. ನಂಗೆ ಅದಕ್ಕೆ ಹೆದ್ರಿಕೆ ಆಯ್ತು."

ಬೇಕರಿಯವಳು ಗಡಿಯಾರದವನ ಕಡೆ ನೋಡಿದಳು. ಅವನು ಮಸೂರ ತೆಗೆಯದೆಯೇ, "ನನ್ನ ಕೇಳ್ಬೇಡಮ್ಮ. ನಾನೂ ನಕ್ಕವನೇ," ಎಂದ.

"ನಂಗೆ ಈಗ್ಲೂ ಆ ಕನ್ನಡಕ ಬಚ್ಚಿಡೋ ಜಾಗ ನೆನೆಸ್ಕೊಂಡ್ರೆ ನಗು ಬರುತ್ತೆ," ಎಂದಳು ಬೇಕರಿಯವಳು ಹಟದಿಂದ. ಆಮೇಲೆ ದನಿ ಇಳಿಸಿ, "ಬಾಗಿಲು ಹಾಕೋದು ಸ್ವಲ್ಪ ಜಾಸ್ತಿ ಆಯ್ತು, ಅದನ್ನ ಒಪ್ಕೋತೀನಿ."

"ಅಷ್ಟು ಸಾಕು. ಉಸಿರು ಬಿಡು, ಸೊಂಟ ಅಳತೆ ತಗೋಬೇಕು."

"ಎಷ್ಟು ಬಿಡ್ಸೋಕಾಗುತ್ತೆ?"

"ಬಟ್ಟೆ ಇರೋಷ್ಟು. ಆಮೇಲೆ ನೀನು ಬನ್ನು ಕಡಿಮೆ ಮಾಡ್ಬೇಕು."

ಇಬ್ಬರೂ ನಕ್ಕರು, ರಾಜಿಯಾಯಿತು. ಆಮೇಲೆ ಬೀದಿಯವರು ಸಿನಿಮಾದ ಬಗ್ಗೆ ಕೇಳುವ ರೀತಿಯೇ ಬದಲಾಯಿತು. ಎಲ್ಲಿ ಕಣ್ಣು ಮುಚ್ಚಬೇಕು ಎಂದು ಕೇಳಿದ ಮೇಲೆ, "ನೀನು ಪೂರ್ತಿ ಕೂತಿದ್ಯಾ?" ಎಂದೂ ಕೇಳತೊಡಗಿದರು. ಕೂತಿದ್ದೆ ಎಂದರೆ ಕೆಲವರು ಹೋಗುವರು, ಕೆಲವರು ಹೋಗರು. ಎದ್ದುಬಂದೆ ಎಂದರೂ ಅಷ್ಟೇ.

ಚಳಿ ಶುರುವಾದಾಗ ಒಂದು ದೆವ್ವದ ಸಿನಿಮಾ ಬಂತು. ಈ ಸಲ ಬೇಕರಿಯವಳು ತಾನೂ ಬರುತ್ತೇನೆಂದು ಹಟ ಹಿಡಿದಳು. ನೀನು ಹೇಳುವ ಜಿಪ್ಪು ನಾನೂ ನೋಡಬೇಕು ಎಂದಳು. ಗಂಡ ತನ್ನ ಬೆಂಚು ಹಿಡಿದ. ಹೆಂಗಸರಿಬ್ಬರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೇ ಒಳಗಿಂದ ಬೇಕರಿಯವಳು ಕಿರುಚಿದ್ದು ಕೇಳಿ ಗೇಟ್‌ಕೀಪರ್ ಬೆಚ್ಚಿಬಿದ್ದ.

"ದೆವ್ವ ಬಂತಾ?" ಎಂದ ಗಂಡ, ಪತ್ರಿಕೆಯ ಹಿಂದಿನಿಂದ.

ಗೇಟ್‌ಕೀಪರ್ ಪರದೆ ಸರಿಸಿ ನೋಡಿ ಬಂದ. "ಇಲ್ಲಣ್ಣ. ಇನ್ನೂ ಹೆಸರು ತೋರಿಸ್ತಾ ಇದಾರೆ."