ಇವತ್ತು ನೀನು ಯಾರಮ್ಮ?

ಗೌರಿಬಿದನೂರಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಬಾಗಿಲು ತೆಗೆದರೆ ನುಸಿಗುಳಿಗೆ, ಹಳೆಯ ಕಾಗದ ಮತ್ತು ಯಾರೋ ಎಂದೋ ಇಟ್ಟು ಮರೆತ ನಿಂಬೆಕಾಯಿ ಉಪ್ಪಿನಕಾಯಿ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯುತ್ತದೆ. ಸಾಹಿತ್ಯದ ವಾಸನೆ ಎಂದರೆ ಇದೇ ಎಂದು ನಾನು ನಂಬಿ ಬಹಳ ಕಾಲವಾಯಿತು. ಮೊನ್ನೆ ಶಾಲೆ ಶುರುವಾದ ವಾರ ಅದರೊಳಗೆ ತಲೆ ತೂರಿಸಿದಾಗ ಒಂದು ಕಾದಂಬರಿಯ ಪ್ರತಿಗಳ ಕಟ್ಟು ಕೈಗೆ ಸಿಕ್ಕಿತು. ಶಿಡ್ಲಘಟ್ಟದಿಂದ ವರ್ಗವಾಗಿ ಬರುವಾಗ ಟ್ರಂಕಿನಲ್ಲಿ ಹಾಕಿಕೊಂಡು ಬಂದವಳು ನಾನೇ. ಧೂಳು ಊದಿದೆ. ಅದು ಪೂರ್ತಿ ನನ್ನ ಕನ್ನಡಕದ ಮೇಲೇ ಕೂತಿತು.

ಕಾದಂಬರಿಯ ಹೆಸರು ಬೇಡ. ಮುಂದೆ ನಾನು ಹೇಳಲಿರುವುದನ್ನು ಓದಿದರೆ ಬರೆದವರು ನೊಂದುಕೊಂಡಾರು. ಕಥೆ ಇಷ್ಟೇ: ಹದಿಹರೆಯದ ಹುಡುಗನೊಬ್ಬನಿಗೆ ಮನೆಯವರು ಇಟ್ಟ ಹೆಸರು ತನ್ನದಲ್ಲ ಎನ್ನಿಸುತ್ತದೆ. ಅದಕ್ಕಾಗಿ ಬಹಳ ಪುಟಗಳ ತನಕ ಕೊರಗುತ್ತಾನೆ. ಆಮೇಲೆ ಮನೆ ಬಿಟ್ಟು ಬೇರೆ ಊರಿಗೆ ಹೋಗಿ, ಬೇರೆ ಹೆಸರು ಹೇಳಿಕೊಂಡು, ಅಲ್ಲಿಯೂ ಕೊರಗುತ್ತಾನೆ. ನಾನು ಮೊದಲ ಸಲ ಓದಿದಾಗ ಅತ್ತಿದ್ದೆ. ಅಳು ಬಂದ ಪುಸ್ತಕವನ್ನು ಮಕ್ಕಳಿಗೆ ಓದಿಸದೆ ಬಿಡುವ ಕನ್ನಡ ಟೀಚರನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಆಗ ನಾನು ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿದ್ದೆ. ಹೆಡ್‌ಮಾಸ್ಟರು ಗಣಿತದವರು. ಶನಿವಾರದ ಕೊನೆಯ ಪೀರಿಯಡ್ಡು ನನಗೆ ಕೊಡಿ, ಒಂಬತ್ತನೇ ತರಗತಿಗೆ ಒಂದು ಕಾದಂಬರಿ ಓದಿಸುತ್ತೇನೆ ಎಂದಾಗ ಅವರು, "ಓದ್ಸಿ ಮೇಡಂ, ಶನಿವಾರ ಹೆಂಗಿದ್ರೂ ಯಾರೂ ಏನೂ ಕಲಿಯಲ್ಲ" ಎಂದು ಉದಾರವಾಗಿ ಒಪ್ಪಿದರು.

ಮೊದಲ ಶನಿವಾರ ನಾನು ಕಾದಂಬರಿಯನ್ನು ತೆರೆಯಲೇ ಇಲ್ಲ. 'ಅಸ್ಮಿತೆ' ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು, ಪೀರಿಯಡ್ಡು ಮುಗಿಯುವ ತನಕ ಮಾತಾಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಅದನ್ನು ಯಾವುದೋ ಹುಡುಗಿಯ ಹೆಸರೆಂದುಕೊಂಡು, ಪಕ್ಕದವನನ್ನು ಆ ವರ್ಷವೆಲ್ಲ "ಲೇ ಅಸ್ಮಿತೆ" ಎಂದೇ ಕರೆದ. ನನ್ನ ಉಪನ್ಯಾಸದಿಂದ ಆದ ಪ್ರಯೋಜನ ಅಷ್ಟು.

ಕೊನೆಯಲ್ಲಿ ನಾಟಕೀಯವಾಗಿ ನಿಂತು ಕೇಳಿದೆ. "ನಾನು ಯಾರು ಅಂತ ನೀವು ಯಾವತ್ತಾದರೂ ನಿಮ್ಮನ್ನ ಕೇಳಿಕೊಂಡಿದ್ದೀರಾ?"

ಜಬೀನ ಎಂಬ ಹುಡುಗಿ ಎದ್ದಳು. ಅವರಪ್ಪನದು ರೇಷ್ಮೆ ನೂಲಿನ ವ್ಯಾಪಾರ, ಬಾಯಿ ಅಪ್ಪನದೇ. "ನಾವ್ಯಾಕೆ ಕೇಳ್ಕೋಬೇಕು ಮಿಸ್? ರೋಡಲ್ಲಿ ಸಿಕ್ಕಿದೋರೆಲ್ಲ ಅದೇ ಕೇಳ್ತಾರೆ, ಯಾರ ಮಗಳೇ ನೀನು ಅಂತ. ಮನೇಲಿ ಉರ್ದು, ಪಕ್ಕದ್ಮನೇಲಿ ತೆಲುಗು, ನಿಮ್ಮತ್ರ ಕನ್ನಡ. ನಾನು ಯಾರು ಅನ್ನೋದು ಯಾರ ಮನೇಲಿ ಕೂತಿದೀನಿ ಅನ್ನೋದ್ರ ಮೇಲಿದೆ."

ಕಾದಂಬರಿಯ ಸಾರಾಂಶ ಅಲ್ಲಿಗೆ ಮುಗಿದಂತಾಗಿತ್ತು. ಆದರೆ ಪ್ರತಿಗಳನ್ನು ತರಿಸಿಯಾಗಿತ್ತಲ್ಲ, ಓದಲೇಬೇಕಿತ್ತು.

ನಾಯಕ ಒಂದು ಇಡೀ ಅಧ್ಯಾಯ ಗುಡ್ಡದ ಮೇಲೆ ಒಬ್ಬನೇ ಕೂತಿರುತ್ತಾನೆ. ನಾನು ಕಂಠ ನಡುಗಿಸಿ ಓದಿದೆ. ಮಕ್ಕಳು ಗಂಭೀರವಾಗಿ ಕೇಳಿದರು. ಕೊನೆಗೆ ಬಂದ ಪ್ರಶ್ನೆ, "ಅವನು ಊಟ ಮಾಡಿದ್ನಾ ಮಿಸ್?" ಕಾದಂಬರಿಕಾರರು ಊಟದ ವಿಚಾರ ಬರೆದಿರಲಿಲ್ಲ. ಆಗ ಕಿಟಕಿಯ ಪಕ್ಕದಿಂದ ಒಂದು ಸಣ್ಣ ದನಿ ಬಂತು. "ಜ್ವರಕ್ಕೆ ಕೂತವ್ನೆ ಮಿಸ್. ಊಟ ಕೇಳಬಾರ್ದು."

ತರಗತಿ ಬಿದ್ದು ಬಿದ್ದು ನಕ್ಕಿತು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆ ಮಾತು ಹೇಳಿದವಳು ಸಾಕಮ್ಮ. ದಿಬ್ಬೂರಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಹಿಪ್ಪುನೇರಳೆ ತೋಟ, ಹುಳು ಮನೆ, ಇಬ್ಬರು ಅಕ್ಕಂದಿರು. ಅಲ್ಲಿಯ ತನಕ ಅವಳು ತರಗತಿಯಲ್ಲಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ.

ಅದಾಗಿ ಕೆಲವು ವಾರಕ್ಕೆ ನಾಯಕ ಬೇರೆ ಊರು ಸೇರಿ, ಹೋಟೆಲಿನ ಯಜಮಾನನಿಗೆ ಮೊದಲ ಬಾರಿ ತನ್ನ ಹೊಸ ಹೆಸರು ಹೇಳುವ ಭಾಗ ಬಂತು. ಗಂಟೆ ಹೊಡೆಯಿತು. ಎಲ್ಲರೂ ಓಡಿದರು. ಸಾಕಮ್ಮ ಓಡಲಿಲ್ಲ.

"ಮಿಸ್, ಹಂಗೂ ಮಾಡಬೌದಾ?"

"ಹೇಗೆ?"

"ಹೆಸರು. ನಮಗೆ ಬೇಡ ಅಂದ್ರೆ ಬೇರೆ ಇಟ್ಕಬೌದಾ?"

"ಯಾಕಾಗಲ್ಲ?" ಎಂದೆ. ಪುಸ್ತಕವೊಂದು ಒಬ್ಬ ಹುಡುಗಿಯ ಬದುಕನ್ನು ಅಲುಗಿಸುವುದನ್ನು ಕಣ್ಣಾರೆ ನೋಡಬೇಕೆಂಬುದು ಪ್ರತಿ ಭಾಷಾ ಶಿಕ್ಷಕಿಯ ಕನಸು. ಹಾಗೆ ನಿಜವಾಗಿಯೂ ಅಲುಗಿದಾಗ ಏನು ಮಾಡಬೇಕೆಂದು ಮಾತ್ರ ಬಿ.ಎಡ್.ನಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ಸೋಮವಾರ ಹಾಜರಿ ಕೂಗುವಾಗ ಅವಳು ಎದ್ದು ನಿಂತು, "ಇವತ್ತಿಂದ ನಾನು ಶ್ರಾವ್ಯ" ಎಂದಳು. ಬುಧವಾರ ಅದು ಮೋನಿಷಾ ಆಯಿತು. ಜಬೀನ ಗೆಳತಿಯರನ್ನು ಕಟ್ಟಿಕೊಂಡು ಹೆಸರು ಹುಡುಕುವ ಕಮಿಟಿ ಮಾಡಿದಳು. ಅಂಗಡಿ ಬೋರ್ಡು, ಬಸ್ಸಿನ ಹಿಂಭಾಗ, ಧಾರಾವಾಹಿ, ಎಲ್ಲಿ ಕಂಡರೂ ಬಿಡಲಿಲ್ಲ. ಒಂದು ಹೆಸರು ಶಾಂಪೂ ಪೊಟ್ಟಣದಿಂದ ಬಂದದ್ದೆಂದು ಆಮೇಲೆ ತಿಳಿಯಿತು. ಕಿರುಪರೀಕ್ಷೆಯ ಅಂಕ ತುಂಬುವ ದಿನ ಹೆಡ್‌ಮಾಸ್ಟರು ಅಂಕಪಟ್ಟಿ ಹಿಡಿದುಕೊಂಡು ಅವಳ ಮುಂದೆ ನಿಂತರು. ಬೆವರು ಒರೆಸಿಕೊಂಡು ಕೇಳಿದರು. "ಇವತ್ತು ನೀನು ಯಾರಮ್ಮ?"

ನನ್ನ ಕಾದಂಬರಿಕಾರರು ಅಷ್ಟೊಂದು ಪುಟಗಳಲ್ಲಿ ಎಳೆದಾಡಿದ ಪ್ರಶ್ನೆಯನ್ನು ಗಣಿತದ ಮೇಷ್ಟ್ರು ಒಂದೇ ಉಸಿರಿನಲ್ಲಿ ಕೇಳಿ ಮುಗಿಸಿದ್ದರು. ಅದೂ ಉತ್ತರಕ್ಕೆ ನಿಜವಾಗಿ ಕಾಯುತ್ತ.

ತಮಾಷೆ ಅಲ್ಲಿಗೆ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ಹೋದ ಮೇಲೆ ತಿದ್ದುವುದು ಕಷ್ಟ, ಏನಿದ್ದರೂ ಈ ವರ್ಷವೇ ಮಾಡಿಸಬೇಕು ಎಂದು ಯಾರೋ ಹೇಳಿದರು. ಸಾಕಮ್ಮ ಮನೆಗೆ ಹೋಗಿ ಅಪ್ಪನನ್ನು ಕೇಳಿದಳು. ಮಾರನೆಯ ದಿನ ಬೆಳಿಗ್ಗೆ ಅವಳಪ್ಪ ಆಂಜಿನಪ್ಪ ಬೈಕಿನಲ್ಲಿ ಬಂದಿಳಿದ. ಹಿಂದಿನ ಸೀಟಿನಲ್ಲಿ, ಸೆರಗು ಬಿಗಿದುಕೊಂಡು ಒಂದು ಪಕ್ಕಕ್ಕೆ ಕೂತಿದ್ದ ಸಣಕಲು ಮುದುಕಿ ಅವನ ತಾಯಿ.

ಹೆಡ್‌ಮಾಸ್ಟರ ಕೋಣೆಗೆ ನನ್ನನ್ನೂ ಹುಡುಗಿಯನ್ನೂ ಕರೆಸಿದರು. ಆಂಜಿನಪ್ಪ ಕುರ್ಚಿಯಲ್ಲಿ ಕೂರಲಿಲ್ಲ.

"ಕತೆ ಓದ್ಸಿ ಮೇಡಮ್ಮೋರೆ, ಬ್ಯಾಡ ಅನ್ನಲ್ಲ. ರಾಜ, ರಾಣಿ, ನರಿ, ಅಂಥದ್ದು ಓದ್ಸಿ. ನಮ್ಮವ್ವನ ಹೆಸರು ಕಿತ್ತು ಬಿಸಾಕೋ ಕತೆ ಯಾಕೆ? ಇದನ್ನೇ ಕಲಿಸೋದಾದ್ರೆ ಟಿ.ಸಿ. ಕೊಟ್ಬಿಡಿ. ಮನೇಲಿ ಹುಳ ನೋಡ್ಕಂಡು ಇರ್ಲಿ."

ಅವಳಿಗೆ ಆ ಹೆಸರು ಬಂದದ್ದು ಅಜ್ಜಿಯಿಂದ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೂರನೆಯದೂ ಹೆಣ್ಣಾಯಿತೆಂದು ಬೇಸತ್ತು 'ಸಾಕು' ಎಂದಿಟ್ಟಿರಬೇಕು ಎಂದುಕೊಂಡು, ಮನಸ್ಸಿನಲ್ಲೇ ಒಂದು ಉರಿಯುವ ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅದನ್ನು ಈಗ ನುಂಗಬೇಕಾಯಿತು.

ಹೆಡ್‌ಮಾಸ್ಟರು ಹುಡುಗಿಯ ಕಡೆ ತಿರುಗಿದರು. "ನೀನೇ ಹೇಳಮ್ಮ."

ಅವಳು ನೆಲ ನೋಡಿಕೊಂಡೇ ಶುರು ಮಾಡಿದಳು. "ಅಜ್ಜಿ ಅಂದ್ರೆ ನಂಗಿಷ್ಟ ಸರ್. ಹೆಸರು ಇಷ್ಟ ಇಲ್ಲ. ದಿನಾ ಅಟೆಂಡೆನ್ಸ್ ಕೂಗ್ತಾರಲ್ಲ, ಹಿಂದ್ಗಡೆಯಿಂದ 'ಸಾಕು ಸಾಕು' ಅಂತಾರೆ. ನಾನು ಬಂದಿದೀನಿ ಅಂತ ಹೇಳೋ ಮುಂಚೇನೇ ಸಾಕು ಅಂತಾರೆ." ಅಷ್ಟು ಹೇಳಿ ಅಳತೊಡಗಿದಳು.

ದಿನಾ ಹಾಜರಿ ಕೂಗುತ್ತಿದ್ದವಳು ನಾನು. ನನಗೆ ಅದು ಕೇಳಿಸಿಯೇ ಇರಲಿಲ್ಲ.

ಆಂಜಿನಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುದುಕಿ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿತು. "ಚಾಲು ರಾ, ಚಾಲು" ಎಂದು, ಸಾಕು ಸಾಕೆಂದು ತೆಲುಗಿನಲ್ಲಿ ಗದರಿ, ನಮಗಾಗಿ ಕನ್ನಡಕ್ಕೆ ಹೊರಳಿತು. "ಈ ಹೆಸ್ರು ನಂಗೂ ಇಷ್ಟ ಇಲ್ಲ ಕಣಮ್ಮ."

ಹೆಡ್‌ಮಾಸ್ಟರ ಕಡೆ ತಿರುಗಿ ಮುದುಕಿ ಮುಂದುವರಿಸಿತು.

"ಹೆಣ್ಣೇ ಹುಟ್ತವೆ ಅಂತ ನಮ್ಮಪ್ಪ ನಂಗೆ ಸಾಕಮ್ಮ ಅಂತ ಇಟ್ಟ. ಸಾಕಾಯ್ತಾ? ಎಲ್ಲಿ ಸಾಕಾಯ್ತು? ನನ್ನ ಕೆಳಗೆ ಇನ್ನೂ ಇಬ್ರು ಹೆಣ್ಣೇ ಹುಟ್ಟಿದ್ರು. ಅವ್ರಿಗೆ ಮಾತ್ರ ಚೆಂದ ಚೆಂದ ಹೆಸ್ರು! ನಾನು ಮುದುಕಿ ಆಗೋಗಂಟ ಕರೆಸ್ಕಂಡಿದೀನಿ. ಮೊಮ್ಮಗಳಿಗೂ ಅದೇ ಅಂಟಿಸಿದ್ದಾನೆ ಇವನು, ನನ್ನೊಂದು ಮಾತು ಕೇಳ್ದೆ."

"ಅವ್ವ, ಅದು ನಿನ್ನ ಮೇಲಿನ ಪ್ರೀತೀಗೆ" ಎಂದ ಆಂಜಿನಪ್ಪ. ದನಿ ಅರ್ಧಕ್ಕೆ ಇಳಿದಿತ್ತು.

"ನೀನು ಯಾವತ್ತು ನನ್ನ ಹೆಸ್ರಿಡ್ಕಂಡು ಕರ್ದಿದ್ದೀಯೋ? ಅವ್ವ ಅಂತೀಯ. ನಾಳೆ ಹೆಸ್ರು ಏನೇ ಆದ್ರೂ ಅವ್ವ ಅಂತಾನೇ ಕರೀತೀಯ. ನಿನಗೇನು ನಷ್ಟ?"

ಮುದುಕಿ ಮೇಜಿನ ಹತ್ತಿರ ಸರಿದು, ಗುಟ್ಟು ಹೇಳುವವಳಂತೆ ಬಗ್ಗಿತು. "ಅವಳದ್ದು ಬದ್ಲಾಯ್ಸೋವಾಗ ನಂದೂ ಬದ್ಲಾಯ್ಸಿಬಿಡು ಸಾಮಿ. ನಾನು ಚಿಕ್ಕೋಳಿರ್ಬೇಕಾದ್ರೆ ನಮ್ಮೂರಿಗೆ ಒಬ್ರು ಟೀಚರಮ್ಮ ಬರ್ತಿದ್ರು, ಕೈಗೆ ಗಡಿಯಾರ ಕಟ್ಕಂಡು. ಸರೋಜಮ್ಮ ಅಂತ. ಆ ಹೆಸ್ರು ಹಾಕು."

"ಅಜ್ಜಿ, ನಿಮ್ಮ ಹೆಸರು ನಮ್ಮ ರಿಜಿಸ್ಟರಲ್ಲಿ ಇಲ್ಲವಲ್ಲ" ಎಂದರು ಹೆಡ್‌ಮಾಸ್ಟರು.

"ಇಲ್ವಾ? ಒಳ್ಳೇದೇ ಆಯ್ತು. ಹಂಗಾದ್ರೆ ಅಳಿಸೋ ಕೆಲ್ಸಾನೇ ಇಲ್ಲ."

ಹೆಡ್‌ಮಾಸ್ಟರು ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಳುತ್ತಿದ್ದ ಹುಡುಗಿಯೂ ಮೂಗೊರೆಸಿಕೊಂಡು ನಕ್ಕಳು. ಆಂಜಿನಪ್ಪ ಮಾತ್ರ ಗೋಡೆಯ ಮೇಲಿನ ಭೂಪಟ ನೋಡುತ್ತ ನಿಂತಿದ್ದ. ಆಮೇಲೆ ಮೇಜಿನ ಕಡೆ ತಿರುಗಿ, "ಎಲ್ಲಿ ಸೈನ್ ಹಾಕ್ಬೇಕು?" ಎಂದು ಕೇಳಿದ.

ಕೊನೆಗೆ ಅವಳು ಆರಿಸಿಕೊಂಡ ಹೆಸರು ಸುಮ. ಇದರ ಹಿಂದೆ ಏನಾದರೂ ಆಳವಾದ ಕಾರಣವಿರಬೇಕೆಂದು ಆಸೆಯಿಂದ ಕೇಳಿದೆ. "ಎರಡೇ ಅಕ್ಷರ ಮಿಸ್, ಯಾರೂ ತಪ್ಪು ಬರೆಯಲ್ಲ" ಎಂದಳು. ಗುಮಾಸ್ತರು ಅದನ್ನೂ ದೀರ್ಘ ಹಾಕಿ 'ಸುಮಾ' ಎಂದು ಬರೆದರು. ಹಾಗೇ ಉಳಿಯಿತು. ಕಾದಂಬರಿ ಮುಗಿದಾಗ ತರಗತಿ ಸರ್ವಾನುಮತದಿಂದ ಕೊಟ್ಟ ತೀರ್ಪು ಇದು: ನಾಯಕನಿಗೊಬ್ಬಳು ಅಜ್ಜಿ ಇದ್ದಿದ್ದರೆ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು.

ಮುದುಕಿಯ ಹೆಸರು ಯಾವ ಕಾಗದದಲ್ಲೂ ಬದಲಾಗಲಿಲ್ಲ. ರೇಷನ್ ಕಾರ್ಡಿನಲ್ಲಿ, ಪಿಂಚಣಿಯಲ್ಲಿ ಅವಳು ಸಾಕಮ್ಮನಾಗಿಯೇ ಉಳಿದಳು. ಮೊಮ್ಮಗಳೂ ಜಬೀನಳೂ ಸರೋಜಮ್ಮ ಎಂದು ಕರೆಯುತ್ತಿದ್ದರು. ಆಂಜಿನಪ್ಪ ಅವ್ವ ಎನ್ನುತ್ತಿದ್ದ. ಊರಿನವರು ಹಳೆಯ ಅಭ್ಯಾಸ ಬಿಡಲಿಲ್ಲ.

ಈಗ ಸುಮ ಚಿಂತಾಮಣಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಕ್ತದ ಟ್ಯೂಬುಗಳ ಮೇಲೆ ದಿನವಿಡೀ ಬೇರೆಯವರ ಹೆಸರು ಅಂಟಿಸುತ್ತಾಳೆ. ಒಬ್ಬರದನ್ನೂ ತಪ್ಪು ಬರೆಯುವುದಿಲ್ಲವಂತೆ. ಶಾಲೆ ಶುರುವಾಗುವ ಸ್ವಲ್ಪ ಮುಂಚೆ ಅವಳ ಫೋನು ಬಂತು. "ಮಿಸ್, ಅಜ್ಜಿ ಹೋಗ್ಬಿಟ್ರು. ತಿಥಿಗೆ ಬನ್ನಿ."

ಹೋದೆ. ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದಾಗ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಎರಡು ಪಾರಿವಾಳ, ಎರಡು ದೀಪ, ತಲೆಯ ಹಿಂದೆ ದೇವರಿಗೂ ಹೆಚ್ಚಾಗುವಷ್ಟು ಪ್ರಭಾವಳಿ. ನಡುವೆ ಮುದುಕಿಯ ಮುಖ. ಅದರ ಕೆಳಗೆ, ರಸ್ತೆಯಾಚೆಯಿಂದಲೂ ಓದಲು ಸಾಧ್ಯವಾಗುವಂಥ ಅಕ್ಷರದಲ್ಲಿ 'ಶ್ರೀಮತಿ ಸರೋಜಮ್ಮನವರು' ಎಂದಿತ್ತು. ಹಳೆಯ ಹೆಸರು ಎಲ್ಲಿಯೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬರು, "ಯಾರಪ್ಪ ಈ ಸರೋಜಮ್ಮ? ನೋಡಿದ್ರೆ ನಮ್ಮ ಸಾಕಮ್ಮನ ಥರಾನೇ ಅವ್ರೆ" ಎಂದು ಆಶ್ಚರ್ಯಪಡುತ್ತಿದ್ದರು.

ಶಾಮಿಯಾನದಲ್ಲಿ ಆಂಜಿನಪ್ಪ ಬೋಳಿಸಿದ ತಲೆಯಲ್ಲಿ ಓಡಾಡುತ್ತಿದ್ದ. ನನ್ನನ್ನು ಕಂಡು ಬಂದು ನಿಂತ. "ಫ್ಲೆಕ್ಸ್ ನೋಡಿದೆ" ಎಂದೆ.

"ಪ್ರಿಂಟ್ ಮಾಡೋ ಹುಡುಗ ಆಧಾರ್ ಕಾರ್ಡ್ ತೋರ್ಸಿ, ಹೆಸರು ನೋಡ್ಕಂಡು ಹಾಕ್ತೀನಿ ಅಂದ. ಕೊಡಲಿಲ್ಲ." ಹೆಗಲ ಟವಲಿನಿಂದ ಮುಖ ಒರೆಸಿಕೊಂಡ. "ಇನ್ನೇನು ಮೇಡಮ್ಮೋರೆ, ಇನ್ಮೇಲೆ ಎಡೆ ಇಡೋವಾಗೆಲ್ಲ ನಮ್ಮವ್ವನ್ನ ಹೆಸರು ಹೇಳೇ ಕರೀಬೇಕಲ್ಲ. ಅವಳಿಗೆ ಇಷ್ಟ ಆಗಿದ್ದೇ ಕರೆಯೋಣ ಅಂತ." ಅಷ್ಟರಲ್ಲಿ ಯಾರೋ ಕೂಗಿದರು. ನನ್ನನ್ನು ಪಂಕ್ತಿಯಲ್ಲಿ ಕೂರಿಸಿ ಹೋದ. ಪಾಯಸ ಬಡಿಸುವವರು ಮೂರು ಸಲ ಬಂದರು. 'ಸಾಕು' ಎಂಬ ಸಲೀಸಾದ ಪದ ಅಂದು ನನ್ನ ಬಾಯಿಗೆ ಬರಲಿಲ್ಲ. ಸುಮ್ಮನೆ ಕೈ ಅಡ್ಡ ಹಿಡಿದೆ.

ಈ ಶನಿವಾರ ಹೊಸ ಒಂಬತ್ತನೇ ತರಗತಿಗೆ ಹೋದೆ. ಅರ್ಧಕ್ಕರ್ಧ ಮಕ್ಕಳು ಕುಡುಮಲಕುಂಟೆಯ ಫ್ಯಾಕ್ಟರಿಗಳಿಗೆ ಹೋಗುವವರ ಮನೆಯವರು. ಯಾವ ಯಾವ ಊರಿನಿಂದಲೋ ಬಂದು ಇಲ್ಲಿ ಸೇರಿದ್ದಾರೆ. ಸೀಮೆಸುಣ್ಣ ಮುಟ್ಟಲಿಲ್ಲ. ಹಾಜರಿ ಕೂಗಿದೆ. ಒಂದೊಂದು ಹೆಸರಿಗೂ ತಲೆ ಎತ್ತಿ, ಎದ್ದು ನಿಂತವರ ಮುಖ ನೋಡಿದೆ. ಹಿಂದಿನ ಬೆಂಚಿನ ಕಡೆ ಕಿವಿಯನ್ನೂ ಕೊಟ್ಟೆ. ಎಂದೂ ಇಲ್ಲದಷ್ಟು ಹೊತ್ತು ಹಿಡಿಯಿತು. ಮಕ್ಕಳು ಬೇಸರದಿಂದ ಆಕಳಿಸಿದರು. ಆಮೇಲೆ ಕಾದಂಬರಿ ತೆರೆದೆ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಇದು ಎಕ್ಸಾಮಿಗೆ ಬರುತ್ತಾ?"

"ಬರಲ್ಲ ಕಣಮ್ಮ."

"ಹಂಗಾದ್ರೆ ಓದಿ" ಎಂದು ಅವಳು ಪೆನ್ನಿಗೆ ಕ್ಯಾಪು ಹಾಕಿ, ಗಲ್ಲಕ್ಕೆ ಕೈಕೊಟ್ಟು ಕೂತಳು.